ಹರಟೆಮಲ್ಲಗಳ ದನಿ ಒಡೆದದ್ದು

ಲೋಕಕ್ಕೆ ಇನ್ನೂ ಹಾಲುಹಲ್ಲೂ ಬಂದಿರಲಿಲ್ಲ, ಅಷ್ಟು ಹಿಂದಿನ ಮಾತು. ಆಗ ಗಾಳಿ ಎಲ್ಲರ ಜೊತೆ ಮಾತಾಡುತ್ತಿತ್ತು. ಹರಟೆಮಲ್ಲ ಹಕ್ಕಿಗಳ ದನಿ ತುಂಬಾ ಇಂಪಾಗಿತ್ತು.

ನಗಬೇಡ ಮಗಾ, ನಿಜ ಹೇಳ್ತಿದ್ದೀನಿ. ಮಣ್ಣಿನ ಬಣ್ಣದ ಹಕ್ಕಿಗಳು, ಬೇಲಿ ಬುಡದಲ್ಲಿ ತರಗೆಲೆ ಕೆದಕುತ್ತಾ ಗುಂಪಾಗಿ ಕುಪ್ಪಳಿಸುತ್ತವಲ್ಲ, ಅವೇ. ಅವು ಹಾಡಿದರೆ ಹೊಳೆ ಕೂಡ ಸದ್ದಡಗಿಸಿ ಕೇಳುತ್ತಿತ್ತು.

ಆ ಗುಂಪಿನಲ್ಲಿ ಸಣ್ಣಿ ಅಂತ ಒಬ್ಬಳಿದ್ದಳು. ಅವಳ ದನಿ ಮಾತ್ರ ಎಣ್ಣೆ ಕಾಣದ ಬಾಗಿಲಿನ ಹಾಗೆ, ಕರ್ ಕರ್. ಹುಟ್ಟಿದ್ದೇ ಹಾಗೆ, ಪಾಪ. ಅವಳಾದರೂ ಏನು ಮಾಡಿಯಾಳು?

ಗುಂಪಿಗೆಲ್ಲ ಮುಂದಾಳು ರಂಗಿ. "ಸಣ್ಣೀ, ಒಂದು ಹಾಡು ಹೇಳೇ. ನೀನು ಹಾಡಿದ್ರೇನೇ ಚೆಂದ" ಅಂದಳು ಒಂದು ದಿನ. ಸಣ್ಣಿ ನಂಬಿ ಹಾಡಿದಳು, ನೋಡು! ಕರ್ ಕರ್ ಅಂದದ್ದೇ ತಡ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅವಳು ಹಸಿವು ಅಂದರೂ ನಗು, ನೀರು ಅಂದರೂ ನಗು.

"ಅಯ್ಯೋ, ತಮಾಷೆಗೆ ಕಣೇ" ಅನ್ನುವಳು ರಂಗಿ. ತಮಾಷೆಯಂತೆ ತಮಾಷೆ! ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಣ್ಣಿಗೆ ಕೆಂಚಿ ಅಂತ ಒಬ್ಬಳು ಗೆಳತಿ. ಇಬ್ಬರೂ ಒಂದೇ ಕೊಂಬೆಯಲ್ಲಿ ಮೈಗೆ ಮೈ ಒತ್ತಿಕೊಂಡು ಮಲಗುತ್ತಿದ್ದರು. ಕೆಂಚಿ ಯಾವತ್ತೂ ನಗಲಿಲ್ಲ. ಆದರೆ ನಗಬೇಡಿ ಅಂತಲೂ ಅನ್ನಲಿಲ್ಲ. ಎಲ್ಲಿ ತನ್ನನ್ನೂ ಆಡಿಕೊಂಡಾರೋ ಅಂತ ಅವಳಿಗೆ ಭಯ. ಎಲ್ಲರೂ ನಗುವಾಗ ತಲೆ ತಗ್ಗಿಸಿ ಹುಳ ಹುಡುಕುತ್ತಿದ್ದಳು.

ಸಣ್ಣಿ ಬಾಯಿ ಮುಚ್ಚಿಬಿಟ್ಟಳು. ಗುಂಪು ಒಂದು ಕಡೆ ಮೇಯ್ದರೆ ಅವಳು ಇನ್ನೊಂದು ಕಡೆ.

ಗಾಳಿ ಬಂದು ಕೇಳಿತು, "ಯಾಕೆ ಮಗಳೇ, ಮಾತೇ ಇಲ್ಲ?"

"ನನ್ನ ದನಿ ಯಾರಿಗೂ ಬೇಡ" ಅಂದಳು ಸಣ್ಣಿ. ಅದನ್ನೂ ಪಿಸುಗುಟ್ಟಿಯೇ ಹೇಳಿದಳು.

ಒಂದು ಮಧ್ಯಾಹ್ನ ಸಣ್ಣಿ ಒಬ್ಬಳೇ ಮೇಯುತ್ತಿದ್ದಳು. ಮೇಲೆ ಗಿಡುಗ ಬಂತು. ಸಣ್ಣಿ ಅದರ ನೆರಳು ನೋಡಿದಳು.

"ಕೂಗೇ, ಕೂಗು!" ಅಂತ ಗಾಳಿ ಒದ್ದಾಡಿತು. ಒಂದೇ ಒಂದು ಸಲ ಕೂಗಿದ್ದರೆ ಸಾಕಿತ್ತು ಮಗಾ. ಗುಂಪೆಲ್ಲ ಒಟ್ಟಾಗಿ ಬಂದರೆ ಯಾವ ಗಿಡುಗ ನಿಲ್ಲುತ್ತದೆ?

ಸಣ್ಣಿ ಕೊಕ್ಕು ತೆರೆದಳು. ಅಷ್ಟರಲ್ಲಿ ಬೇಲಿಯ ಆಚೆಯಿಂದ ನಗು ಕೇಳಿಸಿತು. ಅವರು ಬೇರೆ ಯಾವುದಕ್ಕೋ ನಗುತ್ತಿದ್ದರು, ಅವಳ ನೆನಪೂ ಅವರಿಗೆ ಇರಲಿಲ್ಲ. ಸಣ್ಣಿಗೆ ಅದು ಹೇಗೆ ಗೊತ್ತಾಗಬೇಕು? ಅವಳು ಕೊಕ್ಕು ಮುಚ್ಚಿಕೊಂಡಳು.

ಸಂಜೆ ಹುಡುಕಿಕೊಂಡು ಬಂದವರಿಗೆ ಸಿಕ್ಕಿದ್ದು ಬರೀ ಪುಕ್ಕ.

"ಯಾಕೆ ಕೂಗಲಿಲ್ಲ ಅವಳು?" ರಂಗಿ ಗಾಳಿಯನ್ನು ಹಿಡಿದು ಕೇಳಿದಳು. "ಕೂಗಿದ್ದರೆ ನಾವು ಬರ್ತಿರಲಿಲ್ವಾ? ನಮ್ಮವಳಲ್ವಾ ಅವಳು?"

"ಕೂಗಿದರೆ ನೀವು ನಗ್ತೀರಿ ಅಂದುಕೊಂಡಳು" ಅಂದಿತು ಗಾಳಿ.

ರಂಗಿ ಒಂದು ಪುಕ್ಕವನ್ನು ಕೊಕ್ಕಿನಲ್ಲಿ ಎತ್ತಿಕೊಂಡಳು.

ಕತ್ತಲಾಗುವ ಹೊತ್ತಿಗೆ ಎಲ್ಲರೂ ಕೊಂಬೆ ಸೇರಿದರು. ಕೆಂಚಿಯ ಪಕ್ಕದ ಜಾಗ ಖಾಲಿ. ಅವಳು ಅದನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ತನ್ನ ಚೆಂದದ ಗಂಟಲನ್ನು ಬಿಗಿಹಿಡಿದು, ಸಣ್ಣಿಯ ಹಾಗೆಯೇ ಕೂಗಿದಳು. ಕರ್ ಕರ್.

ಯಾರೂ ನಗಲಿಲ್ಲ.

ಕೆಂಚಿ ಮತ್ತೆ ಕೂಗಿದಳು. ರಂಗಿಯೂ ಕೂಗಿದಳು, ಅಳುತ್ತಲೇ ಕೂಗಿದಳು. ಒಬ್ಬರಾದ ಮೇಲೆ ಒಬ್ಬರು ಎಲ್ಲರೂ ಕರ್ ಕರ್, ಕರ್ ಕರ್. ಕೂಗಿ ಕೂಗಿ ಅವರ ಇಂಪಾದ ದನಿ ಒಡೆದೇಹೋಯಿತು. ಬೆಳಗಾದ ಮೇಲೆ ಹೊಳೆ ಬಂದು, "ಹಳೇ ದನಿ ಹುಡುಕಿ ತಂದುಕೊಡಲೇ?" ಅಂತ ಕೇಳಿತು. ಬೇಡ ಅಂದರು.

ಅದಕ್ಕೇ ಮಗಾ, ಇವತ್ತಿಗೂ ನಿಮ್ಮ ಸ್ಕೂಲಿನ ಬೇಲಿ ಹತ್ತಿರ ಹರಟೆಮಲ್ಲಗಳು ಅಷ್ಟು ಕರ್ಕಶವಾಗಿ ಕೂಗುತ್ತವೆ, ಒಂದು ಚೀರಿದರೆ ಸಾಕು, ಉಳಿದವೆಲ್ಲ ಮೇವು ಬಿಟ್ಟು ಓಡಿ ಬರುತ್ತವೆ. ಸಣ್ಣಿಗೆ ಮಾತ್ರ ಅದು ಕೇಳಿಸುವುದಿಲ್ಲ.