ಕಿರುಗೂರಿನ ಒಡಪಿನ ಕಟ್ಟೆ

ಕಿರುಗೂರಿನ ದೇಸಾಯರದು ಏಳು ತಲೆಮಾರಿನ ಮನೆತನ. ಊರಿನ ಮೊದಲ ಶಾಲೆಗೆ ಜಾಗ ಕೊಟ್ಟವರು ಅವರು. ಬರಗಾಲದಲ್ಲಿ ನೆಲದೊಳಗಿನ ಹಗೇವು ತೆರೆದು ಜೋಳ ಹಂಚಿದವರು ಅವರು. ಅವರ ಮನೆಯ ಹೆಣ್ಣುಮಕ್ಕಳ ನಡತೆಗೆ ಇಂದಿನವರೆಗೆ ಯಾರೂ ಬೆರಳೆತ್ತಿಲ್ಲ. ಆ ಶಾಲೆಯ ಎದುರು, ಬೇವಿನ ಮರದ ಸುತ್ತ ಕಪ್ಪುಕಲ್ಲಿನ ಕಟ್ಟೆಯಿದೆ. ಬಸ್ಸಿಗೆ ಕಾಯುವವರು ಅದರ ಮೇಲೆ ಶೇಂಗಾ ಸಿಪ್ಪೆ ಚೆಲ್ಲುತ್ತಾರೆ. ಅದರ ಹೆಸರು ಒಡಪಿನ ಕಟ್ಟೆ.

ಹಿಂದೆ ಒಮ್ಮೆ, ಬ್ರಿಟಿಷರ ಆಡಳಿತದಲ್ಲಿ, ಕಿರುಗೂರು ನಲವತ್ತು ಹಳ್ಳಿಗಳ ಒಂದು ಮತಕ್ಷೇತ್ರವಾಗಿತ್ತು. ಮುಂಬಯಿ ಶಾಸನಸಭೆಗೆ ಇಲ್ಲಿಂದ ಒಬ್ಬ ಸದಸ್ಯ ಹೋಗುತ್ತಿದ್ದ. ಸ್ವಂತ ಹೆಸರಿನಲ್ಲಿ ಹೊಲವಿದ್ದ ಹೆಂಗಸರಿಗೂ ಮತದ ಹಕ್ಕು ಬಂದಾಗ ಊರಿನ ಪಟ್ಟಿಯಲ್ಲಿ ಹನ್ನೊಂದು ಹೆಂಗಸರಿದ್ದರು. ಮೊದಲನೆಯವಳು ದೇಸಾಯರ ಸೊಸೆ ನೀಲಗಂಗವ್ವ. ಯಾರಿಗೆ ಮತವೆಂದು ಗಂಡನನ್ನೂ ಕೇಳದೆ ನಿಶ್ಚಯಿಸಿಕೊಂಡು, ಸೆರಗು ಹೊದ್ದು, ಮತಗಟ್ಟೆಯಾಗಿದ್ದ ಶಾಲೆಯ ಮೆಟ್ಟಿಲು ಹತ್ತಿದಳು ಎನ್ನುತ್ತಾರೆ. ಅಧಿಕಾರಿ ಪಟ್ಟಿ ನೋಡಿ ಗಂಡನ ಹೆಸರು ಕೇಳಿದ. ಆ ಕಾಲದ ಗರತಿ ಗಂಡನ ಹೆಸರನ್ನು ಬರಿದೆ ಹೇಳುವವಳಲ್ಲ. ಪ್ರಾಸ ಕೂಡಿಸಿ ಒಡಪಿನಲ್ಲೇ ಹೇಳಬೇಕು. ಅವಳು ಹಾಗೆಯೇ ಹೇಳಿದಳು:

"ಬಾಗಿಲಾಗ ಸಿಪಾಯಿ, ಬೀಗದಾಗ ಪೆಟ್ಟಿಗಿ,
ಅಂದಾನಪ್ಪ ದೇಸಾಯರ ಹೇಂತಿ ಬಂದೀನಿ ಚೀಟಿಗಿ."

"ಇದೇನ್ ಬೀಗರ ಮನಿ ಏನವ್ವಾ?" ಎಂದು ಅಧಿಕಾರಿ ನಕ್ಕ. "ಸೀದಾ ಹೆಸರ ಹೇಳು."

"ಹೇಳೀನಲ್ರಿ ಸಾಹೇಬ್ರ. ಕಿವಿ ಇದ್ರ ಬರ್ಕೋರಿ."

ಅವನು ಕೆಂಡವಾದ. 'ಗುರುತು ಹೇಳಲಿಲ್ಲ' ಎಂದು ಬರೆದು ಅವಳನ್ನು ಹೊರಗೆ ಕಳಿಸಿದ. ಅಪ್ಪನ ಹೆಸರಿಗೇ ತಡವರಿಸಿದ ಗಂಡಸರಿಗೆ ಮತದ ಚೀಟಿ ಸಿಕ್ಕಿತು, ಅವಳಿಗೆ ಸಿಗಲಿಲ್ಲ. ನೀಲಗಂಗವ್ವ ಮನೆಗೆ ಹೋಗಲಿಲ್ಲ, ಕಟ್ಟೆಯ ಮೇಲೆ ಕುಳಿತಳು. ಉಳಿದ ಹತ್ತು ಹೆಂಗಸರೂ ಒಳಹೋಗಿ ಒಡಪನ್ನೇ ಹೇಳಿ, ಬರಿಗೈಲಿ ಬಂದು ಪಕ್ಕದಲ್ಲಿ ಕುಳಿತರು. ಬಾಗಿಲು ತೆರೆದಾಗಲೆಲ್ಲ ಹನ್ನೊಂದು ಜನ ಎದ್ದುನಿಂತು ತಮ್ಮ ತಮ್ಮ ಒಡಪು ಕೂಗಿದರು. ಸಂಜೆ ಐದಕ್ಕೆ ಪೆಟ್ಟಿಗೆಗೆ ಅರಗಿನ ಮುದ್ರೆ ಬಿತ್ತು. ಮುಂದಿನ ಚುನಾವಣೆಯ ಹೊತ್ತಿಗೆ ಕ್ಷೇತ್ರವನ್ನೇ ಒಡೆದು ಪಕ್ಕದ ಎರಡು ಕ್ಷೇತ್ರಗಳಿಗೆ ಹಂಚಿದ್ದರು, ನೀಲಗಂಗವ್ವ ತೀರಿಕೊಂಡಿದ್ದಳು. ಹಕ್ಕು ಕೈಯಲ್ಲಿದ್ದೂ ಆಕೆ ಜೀವಮಾನದಲ್ಲಿ ಒಂದು ಮತವನ್ನೂ ಹಾಕಲಿಲ್ಲ.

ಇಂದು ಬಂದವರಿಗೆ ಅಲ್ಲಿ ಮರ ಕಾಣುತ್ತದೆ, ಸವೆದ ಕಲ್ಲು ಕಾಣುತ್ತದೆ, ಊರ ಸೌಂದರ್ಯ ಸಮಿತಿ ಹೋದ ತಿಂಗಳು ನೆಟ್ಟ ಹಳದಿ ಫಲಕವೂ ಕಾಣುತ್ತದೆ: 'ಇಲ್ಲಿ ಹೆಂಗಸರು ಸಾಹೇಬರ ಮನರಂಜನೆಗಾಗಿ ಒಡಪು ಹೇಳುತ್ತಿದ್ದರು.' ಮನರಂಜನೆಯಂತೆ! ಫಲಕವನ್ನು ಕಿತ್ತರೆ ಸಾಲದು. ಸಮಿತಿಯವರು ಆ ಹನ್ನೊಂದು ಮನೆಗಳ ಬಾಗಿಲಿಗೆ ಹೋಗಿ, ಬರಹದಲ್ಲಿ ಕ್ಷಮೆ ಕೇಳಬೇಕು.