ಪುಟ್ನಿಂಗಮ್ಮ ಎಳೆದ ಗಾಣ

ಬಹಳ ಹಿಂದೆ, ಗಾಣಕ್ಕೆ ಇಂಜಿನ್ನು ಬರುವುದಕ್ಕೂ ಎಷ್ಟೋ ತಲೆಮಾರು ಮೊದಲು, ಕಬ್ಬಿನ ಬಯಲಿನ ನಡುವೆ ಒಂದು ಊರಿತ್ತಂತೆ. ಊರಿಗೆಲ್ಲ ಒಂದೇ ಆಲೆಮನೆ. ಆ ಊರಲ್ಲಿ ದನಕರುಗಳಿಗೆ ಮದ್ದು ಮಾಡುವ ಪುಟ್ನಿಂಗಮ್ಮ ಅಂತ ಒಬ್ಬಳಿದ್ದಳಂತೆ. ಎತ್ತಿನ ಎಡಪಕ್ಕೆಗೆ ಕಿವಿಯಿಟ್ಟರೆ ಸಾಕು, ಅದು ಯಾರ ಹೊಲದ ಹುಲ್ಲು ತಿಂದಿದೆ ಅಂತ ಹೇಳುತ್ತಿದ್ದಳಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಮ್ಮ ಹಿರಿಯರಂತೂ ನಂಬಿದ್ದರು.

ಒಂದು ವರ್ಷ ಆಲೆಮನೆಯ ಯಜಮಾನ ಬೋಳೇಗೌಡನ ಎತ್ತು ಗಾಣ ಸುತ್ತುತ್ತಲೇ ಕುಸಿಯಿತಂತೆ. ಮೇವು ಮುಟ್ಟದೆ, ಮೆಲುಕು ಹಾಕದೆ ಎರಡು ದಿನ ಮಲಗಿತ್ತು. ಪುಟ್ನಿಂಗಮ್ಮ ಪಕ್ಕೆಗೆ ಕಿವಿಯಿಟ್ಟಳು, ಒಣಹುಲ್ಲಿಗೆ ಒಂದು ಹಿಡಿ ಬೆಲ್ಲ ಕಲಸಿ ಬಾಯಿಗೆ ಕೊಟ್ಟಳು. ಎತ್ತು ಮೆಲುಕು ಹಾಕಿತು, ಸಂಜೆಗೆ ಎದ್ದೂ ನಿಂತಿತು. ಊರು ಅವಳನ್ನು ತಲೆ ಮೇಲೆ ಹೊತ್ತುಕೊಂಡಿತು. ಹೊಗಳಿಕೆ ಯಾರನ್ನು ಬಿಟ್ಟಿದೆ ಹೇಳಿ, ಅವಳೂ ಉಬ್ಬಿಹೋದಳಂತೆ.

ಸಂಕ್ರಾಂತಿಗೆ ಎತ್ತುಗಳನ್ನು ಕಿಚ್ಚು ಹಾಯಿಸುವುದೆಂದರೆ ಆ ಊರಿಗೆ ಜಿದ್ದು. ಹಬ್ಬದ ಹಿಂದಿನ ದಿನ ಬೋಳೇಗೌಡ ಅವಳ ಜಗುಲಿಗೆ ಬಂದನಂತೆ.

“ಒಂದ್ ಹಿಡಿಗೇ ಎದ್ ನಿಂತ್ಕಂತು ಅಂದ್ಮೇಲೆ, ಒಂದ್ ಮಂಕ್ರಿ ಇಟ್ರೆ ಕಿಚ್ಚ ಹಾರ್ಕಂಡ್ ಹೋಯ್ತದಲ್ವಾಕ್ಕ?”

ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಬೆಲ್ಲವನ್ನು ಯಾವ ದನಕ್ಕೂ ಅವಳು ಕೊಟ್ಟು ನೋಡಿರಲಿಲ್ಲ. ಆದರೆ ಗೊತ್ತಿಲ್ಲ ಅನ್ನಲು ನಾಲಿಗೆ ಬರಲಿಲ್ಲ.

“ಇಡಪ್ಪ. ಬೆಲ್ಲ ತಿಂದು ಕೆಟ್ಟ ಎತ್ತ ನಾನೆಲ್ಲೂ ಕಾಣೆ,” ಅಂದುಬಿಟ್ಟಳಂತೆ.

ಮಾತು ಮನೆಮನೆಗೂ ಹೋಯಿತು. ಹಬ್ಬದ ಮುಂಜಾನೆ ಹುಲ್ಲನ್ನು ಪಕ್ಕಕ್ಕೆ ಸರಿಸಿ, ಹೊಸ ಬೆಲ್ಲವನ್ನು ಮಂಕರಿಗಟ್ಟಲೆ, ಕಬ್ಬಿನ ಹಾಲನ್ನು ಕೊಡಗಟ್ಟಲೆ ಎತ್ತುಗಳ ಮುಂದಿಟ್ಟರಂತೆ. ಪ್ರೀತಿಯಿಂದಲೇ ಇಟ್ಟರು ಪಾಪ. ಸಂಜೆ ಕಿಚ್ಚು ಹಚ್ಚಿದರೆ ಒಂದು ಎತ್ತೂ ಬರಲಿಲ್ಲ. ಹೊಟ್ಟೆ ಬಿಗಿದುಕೊಂಡು, ಹಲ್ಲು ಕಡಿಯುತ್ತ ಕೊಟ್ಟಿಗೆಯಲ್ಲೇ ನಿಂತಿದ್ದವು. ಬಾಯಿಂದ ಹುಳಿ ನಾತ. ಕಿಚ್ಚು ತನ್ನಷ್ಟಕ್ಕೆ ಉರಿದು ಆರಿಹೋಯಿತಂತೆ.

ಪುಟ್ನಿಂಗಮ್ಮ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಿದಳು. ಯಾವ ಪಕ್ಕೆಗೆ ಕಿವಿಯಿಟ್ಟರೂ ಸದ್ದಿಲ್ಲ. ತಿಂದ ಸಿಹಿ ಒಳಗೆ ಹುಳಿಯಾಗಿ ಮೆಲುಕನ್ನೇ ನಿಲ್ಲಿಸಿದೆ ಅಂತ ಆಗ ಅವಳಿಗೆ ತಿಳಿಯಿತು. ಒಲೆಬೂದಿಯ ತಿಳಿನೀರು ಕುಡಿಸಿದಳು. ಕೆಲವು ಉಳಿದವು. ಮೂರನೇ ದಿನದ ಹೊತ್ತಿಗೆ ಇಪ್ಪತ್ತೊಂದು ಎತ್ತು ಸತ್ತವಂತೆ, ನಲವತ್ತು ಅನ್ನುವವರೂ ಇದ್ದಾರೆ. ಅವಳೇ ಕರುವಿನಿಂದ ಸಾಕಿದ ಬಿಳಿಯ ಅನ್ನೋ ಎತ್ತೂ ಹೋಯಿತು. ಅದಕ್ಕೂ ಅವಳು ಕೈಯಾರೆ ತಿನ್ನಿಸಿದ್ದಳು.

ಊರಿನವರು ಯಾರದೋ ದೃಷ್ಟಿ ಅಂದರು, ಮಾರಿಯ ಮುನಿಸು ಅಂದರು. ಅವಳ ಹೆಸರೇ ಎತ್ತಲಿಲ್ಲ. ಸುಮ್ಮನಿದ್ದಿದ್ದರೆ ಅವಳ ಮರ್ಯಾದೆ ಉಳಿಯುತ್ತಿತ್ತು. ಆದರೆ ಆಲೆಮನೆ ಮುಂದೆ ನಿಂತು ಹೇಳಿದಳಂತೆ:

“ನಂಗೊತ್ತಿರ್ನಿಲ್ಲ. ಗೊತ್ತದೆ ಅಂದ್ಬುಟ್ಟೆ. ನಿಮ್ಮೆತ್ತುಗಳ ಕೊಂದೋಳು ನಾನೇ.”

ಉಳಿದ ಎತ್ತುಗಳಿಗೆ ಗಾಣ ಎಳೆಯುವ ಬಲವಿರಲಿಲ್ಲ, ಹೊಲದಲ್ಲಿ ಕಡಿಯದ ಕಬ್ಬು ಒಣಗುತ್ತಿತ್ತು. ಅವಳು ಹೋಗಿ ಗಾಣದ ನೊಗವನ್ನು ಹೆಗಲಿಗಿಟ್ಟುಕೊಂಡಳು. ಮೊದಲ ದಿನ ಒಬ್ಬಳೇ ಎಳೆದಳಂತೆ. ಎರಡನೇ ದಿನ ಬೋಳೇಗೌಡ ಬಂದು ಇನ್ನೊಂದು ಪಕ್ಕಕ್ಕೆ ಹೆಗಲು ಕೊಟ್ಟ, ಆಮೇಲೆ ಊರೇ ಬಂತು. ಕೊನೆಯ ಜಲ್ಲೆ ಅರೆದ ದಿನ ಅವಳು ನೊಗ ಇಳಿಸಿ ಅಲ್ಲೇ ಕೂತಳು. ಮತ್ತೆ ಏಳಲಿಲ್ಲವಂತೆ.

ಈಗ ಇಂಜಿನ್ನು ಅರೆಯುತ್ತದೆ. ಆದರೂ ಆ ಊರಲ್ಲಿ ಹಳೇ ಗಾಣವನ್ನು ಹಾಗೇ ಇಟ್ಟಿದ್ದಾರೆ. ಪ್ರತಿವರ್ಷ ಆಲೆ ಶುರುವಾಗುವ ದಿನ ಮನೆಗೊಬ್ಬರಂತೆ ಹಿರಿಯರು ನೊಗ ಹೊತ್ತು ಒಂದು ಸುತ್ತು ಬರುತ್ತಾರೆ. ನೊಗಕ್ಕೆ ಹೆಗಲು ಕೊಡುವ ಮುನ್ನ, ತಾನು ಗೊತ್ತಿಲ್ಲದೆ ಗೊತ್ತು ಅಂದ ಒಂದು ಮಾತನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಹೇಳದವರಿಗೆ ನೊಗ ಕೊಡುವುದಿಲ್ಲ. ತಲೆ ತಗ್ಗಿಸಿ ಮನೆಗೆ ಹೋಗುವವರು ವರ್ಷಕ್ಕೆ ಒಬ್ಬಿಬ್ಬರು ಇದ್ದೇ ಇರುತ್ತಾರೆ.