ಅಂಬಿಗನ ಹಲಗೆ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ಸೇತುವೆ ಬಂದ ವರ್ಷ ಊರಿಗೆ ಊರೇ ಆ ಮಾತನ್ನು ನಿಜ ಮಾಡಿತು. ನಲವತ್ತು ವರ್ಷ ಎಲ್ಲರನ್ನೂ ದಾಟಿಸಿದ ಜಟ್ಟಿಯ ಸಾಗುವಾನಿ ದೋಣಿಯನ್ನು ಕೇಳುವವರಿಲ್ಲದಂತಾಯಿತು.

ದಡದ ಆಶ್ರಮದಲ್ಲಿ ಪ್ರಾರ್ಥನಾ ಮಂದಿರಕ್ಕೆ ಮರದ ನೆಲ ಹಾಕಿಸುತ್ತಾರೆಂದು ಕೇಳಿ, ಜಟ್ಟಿ ತಾನೇ ಬಂದು ದೋಣಿ ಕೊಟ್ಟ.

"ಏನು ಕೊಡಲಿ?" ಎಂದರು ಗುರುಗಳು.

"ಏನೂ ಬ್ಯಾಡ ಸ್ವಾಮಿ. ಆಗೀಗ ಬಂದು ಅದ್ರ ಮ್ಯಾಲೆ ಒಂದು ಗಳಿಗೆ ಕೂತ್ಕಂಡು ಹೋಗ್ತೆ. ಅಷ್ಟು ಸಾಕು."

"ಆಗಲಿ" ಎಂದರು ಗುರುಗಳು.

ದೋಣಿ ಬಿಚ್ಚಿದ್ದು ಶಿಷ್ಯ ಗಜಾನನ. ಬಡಗಿಯ ಮಗ, ಕೆಲಸ ಬಲ್ಲವನು. ಹಲಗೆಯ ಕಪ್ಪನ್ನು ಕೀಸಿ ತೆಗೆದರೆ ಒಳಗೆ ಹೊಂಬಣ್ಣ, ಇನ್ನೂ ಆರದ ಎಣ್ಣೆಯ ವಾಸನೆ. ನೆಲ ಕೂರಿಸಿ, ಮೂರು ಸಲ ಎಣ್ಣೆ ತಿಕ್ಕಿದ ಮೇಲೆ ಅವನಿಗೆ ಹೆಮ್ಮೆ ತಡೆಯದಾಯಿತು.

ಮಂದಿರ ತೆರೆದ ದಿನ ಪೇಟೆಯ ದೊಡ್ಡವರೆಲ್ಲ ಬಂದರು. "ಇದಕ್ಕೆ ಗೆದ್ದಲು ಹತ್ತುವುದಿಲ್ಲ, ನೀರು ಏನೂ ಮಾಡುವುದಿಲ್ಲ" ಎಂದು ಗಜಾನನ ಒಬ್ಬೊಬ್ಬರಿಗೂ ಹೇಳಿ ಕೂರಿಸಿದ.

ಪ್ರವಚನ ಶುರುವಾದ ಮೇಲೆ ಜಟ್ಟಿ ಬಂದ. ಹೊಳೆಯಲ್ಲಿ ಕಾಲು ತೊಳೆದುಕೊಂಡೇ ಬಂದಿದ್ದ.

ಗಜಾನನ ಬಾಗಿಲಲ್ಲಿ ಅಡ್ಡ ನಿಂತ. "ಕಾಲು ಒದ್ದೆ ಇದೆಯಲ್ಲ ಜಟ್ಟಿ, ನೆಲ ಕಲೆಯಾಗ್ತದೆ. ಇನ್ನೊಂದು ದಿನ ಬಾ."

ಜಟ್ಟಿ ತನ್ನ ಕಾಲು ನೋಡಿಕೊಂಡ. "ಹೌದು ಒಡೆಯಾ" ಎಂದು ತಿರುಗಿ ನಡೆದ.

ಜನ ಚದುರಿದ ಮೇಲೆ ಗುರುಗಳು ಕೇಳಿದರು, "ಜಟ್ಟಿ ಬರಲಿಲ್ಲವೇ?"

ಗಜಾನನ ನಡೆದದ್ದನ್ನು ಹೇಳಿದ.

ಗುರುಗಳು ಮೂಲೆಯಲ್ಲಿದ್ದ ಕೊಡ ಎತ್ತಿ, ನೀರನ್ನೆಲ್ಲ ನೆಲಕ್ಕೆ ಸುರಿದರು. ಗಜಾನನ ಬಟ್ಟೆ ಹಿಡಿದು ಓಡಿಬಂದ.

"ಬಿಡು. ಈ ಹಲಗೆ ಹೊಳೆಯಲ್ಲಿ ಎಷ್ಟು ವರ್ಷ ಇತ್ತು?"

"ನಲವತ್ತು."

"ಹಾಳಾಯಿತೇ?"

"ಇಲ್ಲ ಗುರುಗಳೇ."

"ಮತ್ತೆ ನೀನು ಹೆದರಿದ್ದು ಯಾವುದಕ್ಕೆ?"

ಜಟ್ಟಿ ಬಂದಾಗ ಒಳಗೆ ಗರಿಗರಿ ಪಂಚೆಯವರು ಕೂತಿದ್ದರು. ಅವರ ನಡುವೆ ಅವನನ್ನು ಕೂರಿಸಲು ಗಜಾನನನಿಗೆ ನಾಚಿಕೆಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಇನ್ನೂ ನಾಚಿಕೆಯಾಯಿತು. ಬಟ್ಟೆ ಅಲ್ಲೇ ಬಿಟ್ಟು ಜಟ್ಟಿಯ ಗುಡಿಸಲಿಗೆ ಓಡಿದ.

ಸಂಜೆ ಒಬ್ಬನೇ ಬಂದ.

"ಏನಂದ?"

"'ನೆಲ ಚಂದ ಆಗ್ಯದೆ ಒಡೆಯಾ, ನಾ ಬಂದು ಹೊಲಸು ಮಾಡೂದಿಲ್ಲ' ಅಂದ. ಕಾಲು ಹಿಡಿದೆ. ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ."

"ಮಾತು ಕೊಟ್ಟವನು ನಾನು" ಎಂದರು ಗುರುಗಳು. "ಪ್ರವಚನದ ಭರದಲ್ಲಿ ನಾನೂ ಬಾಗಿಲ ಕಡೆ ನೋಡಲಿಲ್ಲ."

ಗಜಾನನ ಕೈಮುಗಿದ. "ಏನಾದರೂ ಪ್ರಾಯಶ್ಚಿತ್ತ ಹೇಳಿ ಗುರುಗಳೇ. ಎಷ್ಟು ಕಠಿಣವಾದರೂ ಮಾಡುತ್ತೇನೆ."

"ಮಾಡಿದರೆ ನಿನ್ನ ಮನಸ್ಸು ಹಗುರಾಗುತ್ತದೆ. ಅವನದು?"